ಪಾರ್ಶ್ವವಾಯುವಿನ ನಂತರ ಮೆದುಳಿನ ಉದ್ರೇಕಶೀಲತೆಯ ಕಾಂತೀಯ ಮಾಪನ

ತಲೆಬುರುಡೆಯ ಹೊರಗಿನಿಂದ ಕ್ಷಣಮಾತ್ರದ ಕಾಂತಕ್ಷೇತ್ರವನ್ನು ಹಾಯಿಸಿ, ಪಾರ್ಶ್ವವಾಯು ಪೀಡಿತರ ಮೆದುಳಿನ ಚಲನಾ ಕಾರ್ಟೆಕ್ಸ್ ಅದಕ್ಕೆ ಎಷ್ಟು ಸುಲಭವಾಗಿ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಕೈಕಾಲಿನ ಸ್ನಾಯುಗಳಲ್ಲಿ ಮೂಡುವ ವಿದ್ಯುತ್ ಅಲೆಯಿಂದ ಅಳೆಯುವ ವಿಧಾನ. ಈ ತಂತ್ರ ವೈದ್ಯಕೀಯದಲ್ಲಿ ಟಿಎಂಎಸ್ ಎಂದು ಬಳಕೆಯಲ್ಲಿದೆ. ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ, ಅರಿವಳಿಕೆ ಕೊಡದೆ ಮಾಡುವ ಪರೀಕ್ಷೆ ಇದು. ಮೆದುಳಿನಿಂದ ಕೈಗೆ ಬರುವ ನರಮಾರ್ಗ ಉಳಿದಿದೆಯೇ, ಮೆದುಳಿನೊಳಗಿನ ಉದ್ರೇಕ ಮತ್ತು ತಡೆಗಳ ಪ್ರಮಾಣ ಹೇಗೆ ಬದಲಾಗಿದೆ, ಕೈ ಎಷ್ಟರಮಟ್ಟಿಗೆ ಚೇತರಿಸಿಕೊಳ್ಳಬಹುದು ಎಂಬ ಪ್ರಶ್ನೆಗಳಿಗೆ ಇದರಿಂದ ಉತ್ತರ ಹುಡುಕಲಾಗುತ್ತದೆ. ಈ ಲೇಖನ ವಿಧಾನದ ಮೂಲ, ಉಪಕರಣ, ಅಳತೆಗಳು, ಉಪಯೋಗಗಳನ್ನು ವಿವರಿಸಿ, ಕರ್ನಾಟಕದಲ್ಲಿ, ವಿಶೇಷವಾಗಿ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಪ್ರದೇಶದಲ್ಲಿ ಅದರ ಪ್ರಸ್ತುತತೆಯನ್ನು ನಿರೂಪಿಸುತ್ತದೆ.

ಪರಿಭಾಷೆ

ಪಾರ್ಶ್ವವಾಯು: ಮೆದುಳಿನ ಒಂದು ಭಾಗಕ್ಕೆ ರಕ್ತಪೂರೈಕೆ ನಿಂತು ಅಥವಾ ರಕ್ತನಾಳ ಒಡೆದು ಆ ಭಾಗದ ಕೆಲಸ ಥಟ್ಟನೆ ಕೆಡುವ ಸ್ಥಿತಿ. ಹಳೆ ಮೈಸೂರು ಭಾಗದಲ್ಲಿ ಲಕ್ವ ಎಂದೂ ಆಸ್ಪತ್ರೆಗಳಲ್ಲಿ ಸ್ಟ್ರೋಕ್ ಎಂದೂ ಕರೆಯುತ್ತಾರೆ. ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಕೊಳ್ಳುವುದರಿಂದ ಆಗುವುದು ಒಂದು ಬಗೆ, ರಕ್ತಸ್ರಾವದಿಂದ ಆಗುವುದು ಇನ್ನೊಂದು. ಮೊದಲನೆಯದೇ ಹೆಚ್ಚು ಸಾಮಾನ್ಯ.

ಚಲನಾ ಕಾರ್ಟೆಕ್ಸ್: ಮೆದುಳಿನ ಹೊರಪದರದಲ್ಲಿ ದೇಹದ ಐಚ್ಛಿಕ ಚಲನೆಗಳಿಗೆ ಆಜ್ಞೆ ಹೊರಡುವ ಪಟ್ಟಿ. ಇಲ್ಲಿಂದ ಹೊರಟು ಬೆನ್ನುಹುರಿಗೆ ಇಳಿಯುವ ನರತಂತುಗಳ ಕಟ್ಟನ್ನು ಈ ಲೇಖನದಲ್ಲಿ ಇಳಿಮುಖ ನರಮಾರ್ಗ ಎಂದು ಕರೆಯಲಾಗಿದೆ. ಇದರ ಬಹುಪಾಲು ತಂತುಗಳು ಮೆದುಳಿನ ಬುಡದಲ್ಲಿ ಎದುರು ಬದಿಗೆ ದಾಟುತ್ತವೆ. ಎಡ ಅರ್ಧಗೋಳಕ್ಕೆ ಪೆಟ್ಟಾದರೆ ಬಲಗೈ ಬಲಗಾಲು ಸ್ವಾಧೀನ ತಪ್ಪುವುದಕ್ಕೆ ಇದೇ ಕಾರಣ.

ಉದ್ರೇಕಶೀಲತೆ: ಹೊರಗಿನ ಪ್ರಚೋದನೆಗೆ ನರಕೋಶಗಳ ಸಮೂಹ ಪ್ರತಿಕ್ರಿಯಿಸುವ ಸಿದ್ಧತೆ. ಅಲ್ಪ ಪ್ರಚೋದನೆಗೇ ದೊಡ್ಡ ಪ್ರತಿಕ್ರಿಯೆ ಬಂದರೆ ಉದ್ರೇಕಶೀಲತೆ ಹೆಚ್ಚು, ತೀವ್ರ ಪ್ರಚೋದನೆ ಕೊಟ್ಟರೂ ಬಾರದಿದ್ದರೆ ಕಡಿಮೆ.

ಎಂಇಪಿ: ಚಲನಾ ಕಾರ್ಟೆಕ್ಸನ್ನು ಪ್ರಚೋದಿಸಿದಾಗ ಸ್ನಾಯುವಿನಲ್ಲಿ ದಾಖಲಾಗುವ ವಿದ್ಯುತ್ ಅಲೆ. ಈ ವಿಧಾನದ ಬಹುತೇಕ ಅಳತೆಗಳು ಇದನ್ನೇ ಆಧರಿಸಿವೆ.

ಬಾಧಿತ ಅರ್ಧಗೋಳ: ಪಾರ್ಶ್ವವಾಯುವಿನಿಂದ ಹಾನಿಯಾದ ಮೆದುಳಿನ ಬದಿ. ಇನ್ನೊಂದು ಬದಿಯನ್ನು ಎದುರು ಅರ್ಧಗೋಳ ಎಂದು ಕರೆಯಲಾಗಿದೆ.

ಇತಿಹಾಸ

ಮೆದುಳಿನ ಹೊರಪದರಕ್ಕೆ ವಿದ್ಯುತ್ ಕೊಟ್ಟರೆ ಎದುರು ಬದಿಯ ಅಂಗಗಳು ಚಲಿಸುತ್ತವೆ ಎಂಬುದನ್ನು 1870ರಲ್ಲಿ ಜರ್ಮನಿಯ ಗುಸ್ಟಾಫ್ ಫ್ರಿಟ್ಶ್ ಮತ್ತು ಎಡ್ವರ್ಡ್ ಹಿಟ್ಸಿಗ್ ನಾಯಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. 1937ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರಿ, ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳಲ್ಲಿ ಮೆದುಳನ್ನು ನೇರವಾಗಿ ಪ್ರಚೋದಿಸಿ, ಯಾವ ಅಂಗಕ್ಕೆ ಎಲ್ಲಿ ಜಾಗವಿದೆ ಎಂಬುದನ್ನು ವಿವರಿಸಿದರು. ಬೆರಳುಗಳಿಗೆ ಮತ್ತು ಮುಖಕ್ಕೆ ಮೀಸಲಾದ ಜಾಗ ಅವುಗಳ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು ಎಂಬುದು ಇದರಿಂದ ಗೊತ್ತಾಯಿತು.

ತಲೆಬುರುಡೆ ತೆರೆಯದೆ ಇದನ್ನು ಸಾಧಿಸಿದವರು ಇಂಗ್ಲೆಂಡಿನ ಪ್ಯಾಟ್ರಿಕ್ ಮರ್ಟನ್ ಮತ್ತು ಬರ್ಟ್ ಮಾರ್ಟನ್. 1980ರಲ್ಲಿ ಅವರು ನೆತ್ತಿಯ ಮೇಲೆ ವಿದ್ಯುದಗ್ರಗಳನ್ನಿಟ್ಟು ಅಧಿಕ ವೋಲ್ಟೇಜಿನ ಒಂದೇ ಮಿಡಿತವನ್ನು ಹಾಯಿಸಿದರು. ಕೈ ಚಲಿಸಿತು, ಆದರೆ ನೆತ್ತಿಯ ಚರ್ಮ ಮತ್ತು ಸ್ನಾಯುಗಳ ಮೂಲಕ ವಿದ್ಯುತ್ ಹರಿದದ್ದರಿಂದ ನೋವಾಗುತ್ತಿತ್ತು. 1985ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಹೋದ್ಯೋಗಿಗಳು ವಿದ್ಯುತ್ತಿನ ಬದಲು ಕಾಂತಕ್ಷೇತ್ರವನ್ನು ಬಳಸಿ, ನೋವಿಲ್ಲದೆ ಅದೇ ಫಲಿತಾಂಶ ಪಡೆದರು. ಇಂದಿನ ಟಿಎಂಎಸ್ ಆರಂಭವಾದದ್ದು ಆ ಪ್ರಯೋಗದಿಂದ. 1988ರಲ್ಲಿ ಜಪಾನಿನ ಶೋಗೊ ಉಎನೊ ತಂಡ ಎಂಟರ ಆಕಾರದ ಸುರುಳಿಯನ್ನು ವಿವರಿಸಿದ ಮೇಲೆ ಚಿಕ್ಕ ಜಾಗವನ್ನು ಗುರಿಯಿಟ್ಟು ಪ್ರಚೋದಿಸುವುದು ಸಾಧ್ಯವಾಯಿತು. 1992ರಲ್ಲಿ ಆಂಡ್ರಿಯಾಸ್ ಫರ್ಬರ್ಟ್ ತಂಡ ಎರಡು ಅರ್ಧಗೋಳಗಳ ನಡುವಿನ ತಡೆಯನ್ನೂ, 1993ರಲ್ಲಿ ಕುಜಿರಾಯ್ ಮತ್ತು ಸಂಗಡಿಗರು ಒಂದೇ ಕಾರ್ಟೆಕ್ಸಿನೊಳಗಿನ ತಡೆಯನ್ನೂ ಅಳೆಯುವ ಜೋಡಿ ಮಿಡಿತದ ವಿಧಾನಗಳನ್ನು ಪ್ರಕಟಿಸಿದರು. ಪಾರ್ಶ್ವವಾಯು ಸಂಶೋಧನೆಯಲ್ಲಿ ಈಗಲೂ ಬಳಕೆಯಲ್ಲಿರುವುದು ಮುಖ್ಯವಾಗಿ ಇವೇ ವಿಧಾನಗಳು.

ಭೌತಿಕ ತತ್ತ್ವ

ಬದಲಾಗುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇದರ ತಳಹದಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಲವಿದ್ಯುದಾಗಾರದ ಜನರೇಟರುಗಳು ಕೆಲಸ ಮಾಡಿದ್ದೂ ಇದೇ ನಿಯಮದ ಮೇಲೆ. ಟಿಎಂಎಸ್‌ನಲ್ಲಿ ವಾಹಕದ ಸ್ಥಾನದಲ್ಲಿರುವುದು ಮೆದುಳಿನ ಅಂಗಾಂಶ. ತಾಮ್ರದ ಸುರುಳಿಯ ಮೂಲಕ ಹಲವು ಸಾವಿರ ಆಂಪಿಯರ್ ವಿದ್ಯುತ್ ಒಂದು ಮಿಲಿಸೆಕೆಂಡಿಗೂ ಕಡಿಮೆ ಕಾಲ ಹರಿದಾಗ 1.5ರಿಂದ 2.5 ಟೆಸ್ಲಾದಷ್ಟು ಕಾಂತಕ್ಷೇತ್ರ ಎದ್ದು ಅಡಗುತ್ತದೆ. ಕಾಂತಕ್ಷೇತ್ರಕ್ಕೆ ಮೂಳೆ ತಡೆಯೊಡ್ಡುವುದಿಲ್ಲ. ಸುರುಳಿಯಿಂದ ದೂರ ಸರಿದಂತೆ ಅದು ಬೇಗ ಕ್ಷೀಣಿಸುವುದರಿಂದ ಸಾಮಾನ್ಯ ಸುರುಳಿಯ ಪ್ರಭಾವ ನೆತ್ತಿಯಿಂದ 2–3 ಸೆಂಟಿಮೀಟರ್ ಆಳಕ್ಕೆ ಸೀಮಿತ. ಚಲನಾ ಕಾರ್ಟೆಕ್ಸಿನಲ್ಲಿ ಕೈಗೆ ಸಂಬಂಧಿಸಿದ ಜಾಗ ಈ ಆಳದೊಳಗೇ ಇದೆ.

ಪ್ರೇರಿತ ವಿದ್ಯುತ್ತು ಇಳಿಮುಖ ನರಮಾರ್ಗದ ಕೋಶಗಳನ್ನು ಬಹುಮಟ್ಟಿಗೆ ನೇರವಾಗಿ ಎಬ್ಬಿಸುವುದಿಲ್ಲ. ಅವಕ್ಕೆ ಸಂದೇಶ ತಲುಪಿಸುವ ನೆರೆಯ ಮಧ್ಯವರ್ತಿ ನರಕೋಶಗಳನ್ನು ಮೊದಲು ಎಬ್ಬಿಸುತ್ತದೆ. ಹೀಗಾಗಿ ಎಂಇಪಿಯ ಗಾತ್ರವು ತಂತುಗಳ ಸ್ಥಿತಿಯ ಜೊತೆಗೆ ಆ ಕ್ಷಣದಲ್ಲಿ ಕಾರ್ಟೆಕ್ಸಿನ ಉದ್ರೇಕ ಮತ್ತು ತಡೆಗಳ ಲೆಕ್ಕವನ್ನೂ ಒಳಗೊಂಡಿರುತ್ತದೆ. ಉದ್ರೇಕಶೀಲತೆಯ ಮಾಪನಕ್ಕೆ ಕಾಂತ ಪ್ರಚೋದನೆ ಒಗ್ಗುವುದು ಈ ಗುಣದಿಂದ.

ಉಪಕರಣ

ಟಿಎಂಎಸ್ ಯಂತ್ರದಲ್ಲಿ ವಿದ್ಯುತ್ ಶೇಖರಿಸುವ ಕೆಪಾಸಿಟರ್, ಅದನ್ನು ಥಟ್ಟನೆ ಬಿಡುವ ಸ್ವಿಚ್ ಮತ್ತು ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ಸುರುಳಿ ಮುಖ್ಯ ಭಾಗಗಳು. ಉಂಗುರಾಕಾರದ ಸುರುಳಿ ವಿಶಾಲ ಜಾಗವನ್ನು ಪ್ರಚೋದಿಸುತ್ತದೆ. ಎಂಟರ ಆಕಾರದ ಸುರುಳಿ ಎರಡು ಉಂಗುರಗಳು ಕೂಡುವ ನಡುಭಾಗದ ಕೆಳಗೆ ಬಲವಾಗಿ ಕೆಲಸ ಮಾಡುತ್ತದೆ. ಕಾಲಿನ ಸ್ನಾಯುಗಳ ಚಲನಾ ಪ್ರದೇಶ ಎರಡು ಅರ್ಧಗೋಳಗಳ ನಡುವಿನ ಸೀಳಿನಲ್ಲಿ ಆಳಕ್ಕಿರುವುದರಿಂದ ಅದಕ್ಕೆ ಕೋನವಾಗಿ ಬಾಗಿಸಿದ ಸುರುಳಿ ಬೇಕಾಗುತ್ತದೆ. ಪ್ರಚೋದನೆಯ ತೀವ್ರತೆಯನ್ನು ಯಂತ್ರದ ಗರಿಷ್ಠ ಸಾಮರ್ಥ್ಯದ ಶೇಕಡಾವಾರಿನಲ್ಲಿ ಹೇಳುತ್ತಾರೆ.

ಸ್ನಾಯುವಿನ ಅಲೆಯನ್ನು ಹಿಡಿಯಲು ನರರೋಗ ವಿಭಾಗಗಳಲ್ಲಿ ಸಾಮಾನ್ಯವಾಗಿರುವ ಇಎಂಜಿ ಯಂತ್ರ ಸಾಕು. ಸಂಶೋಧನಾ ಕೇಂದ್ರಗಳಲ್ಲಿ ಇದರ ಜೊತೆಗೆ ದಿಕ್ಸೂಚನಾ ವ್ಯವಸ್ಥೆಯೂ ಇರುತ್ತದೆ. ರೋಗಿಯ ಎಂಆರ್‌ಐ ಚಿತ್ರದ ಮೇಲೆ ಸುರುಳಿಯ ಸ್ಥಾನವನ್ನು ಪರದೆಯಲ್ಲಿ ತೋರಿಸುವ ಇದು, ವಾರಗಳ ನಂತರ ಮತ್ತೆ ಪರೀಕ್ಷಿಸುವಾಗ ಅದೇ ಬಿಂದುವಿಗೆ ಮರಳಲು ನೆರವಾಗುತ್ತದೆ.

ಪರೀಕ್ಷೆಯ ಕ್ರಮ

ರೋಗಿಯನ್ನು ಒರಗು ಕುರ್ಚಿಯಲ್ಲಿ ಕೂರಿಸಿ ಅಥವಾ ಹಾಸಿಗೆಯಲ್ಲೇ ಮಲಗಿಸಿ, ಕೈಗೆ ದಿಂಬಿನ ಆಸರೆ ಕೊಡಲಾಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಬ್ಬಿಕೊಂಡಿರುವ ಸ್ನಾಯುವಿನ ಮೇಲೆ ವಿದ್ಯುದಗ್ರಗಳನ್ನು ಅಂಟಿಸುವುದು ಹೆಚ್ಚು ರೂಢಿ. ಎರಡು ಬೆರಳು ಕೂಡಿಸಿ ಚಿಕ್ಕ ವಸ್ತುವನ್ನು ಹಿಡಿಯುವ ಕೆಲಸದಲ್ಲಿ ಈ ಸ್ನಾಯುವಿನ ಪಾತ್ರ ದೊಡ್ಡದು. ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಮನೆಗಳಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುವಾಗ, ಸೊಪ್ಪು ಬಿಡಿಸುವಾಗ, ಅಂಗಿಯ ಗುಂಡಿ ಹಾಕುವಾಗ ಕೆಲಸ ಮಾಡುವುದು ಇದೇ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವ ಮುಂಗೈ ಸ್ನಾಯುಗಳಿಂದಲೂ ದಾಖಲಿಸುವುದುಂಟು.

ಪರೀಕ್ಷಕ ಸುರುಳಿಯನ್ನು ನೆತ್ತಿಗೆ ತಾಗಿಸಿ, ಹಿಡಿಕೆ ಹಿಂದಕ್ಕೂ ಪಕ್ಕಕ್ಕೂ ಸುಮಾರು 45 ಡಿಗ್ರಿ ವಾಲಿರುವಂತೆ ಹಿಡಿಯುತ್ತಾನೆ. ಗುಂಡಿ ಒತ್ತಿದಾಗ ಚಟ್ ಎಂಬ ಸದ್ದಾಗಿ, ನೆತ್ತಿಯಲ್ಲಿ ಸಣ್ಣದಾಗಿ ತಟ್ಟಿದಂತೆ ಅನಿಸುತ್ತದೆ. ಸುರುಳಿ ಸರಿಯಾದ ಜಾಗದಲ್ಲಿದ್ದರೆ ಎದುರು ಬದಿಯ ಬೆರಳು ಅದುರಿ, ಪರದೆಯ ಮೇಲೆ ಸುಮಾರು 20 ಮಿಲಿಸೆಕೆಂಡಿನ ನಂತರ ಅಲೆಯೊಂದು ಮೂಡುತ್ತದೆ. ಸುರುಳಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ದೊಡ್ಡ ಅಲೆ ಬರುವ ಬಿಂದುವನ್ನು ಗುರುತಿಸಿ, ಉಳಿದ ಅಳತೆಗಳನ್ನು ಅಲ್ಲಿಂದಲೇ ಪಡೆಯಲಾಗುತ್ತದೆ. ಸ್ವಾಧೀನ ತಪ್ಪಿದ ಕೈಯಲ್ಲಿ ಅಲೆ ಕಾಣದಿದ್ದರೆ ತೀವ್ರತೆಯನ್ನು ಯಂತ್ರದ ಗರಿಷ್ಠ ಮಟ್ಟದವರೆಗೆ ಏರಿಸಿ ನೋಡುತ್ತಾರೆ. ಕೈಯನ್ನು ಬಿಗಿಹಿಡಿಯಲು ಪ್ರಯತ್ನಿಸುವಂತೆ ರೋಗಿಗೆ ಹೇಳಿಯೂ ಪರೀಕ್ಷಿಸುತ್ತಾರೆ, ಏಕೆಂದರೆ ಪ್ರಯತ್ನವೇ ಕಾರ್ಟೆಕ್ಸಿನ ಸಿದ್ಧತೆಯನ್ನು ಹೆಚ್ಚಿಸುತ್ತದೆ. ಎರಡೂ ಬದಿಗಳನ್ನು ಪರೀಕ್ಷಿಸಿ ಹೋಲಿಸುವುದು ಕ್ರಮ.

ಅಳತೆಗಳ ವಿಧಗಳು

ಹೊಸ್ತಿಲ ಮಟ್ಟ. ವಿಶ್ರಾಂತ ಸ್ನಾಯುವಿನಲ್ಲಿ 10 ಪ್ರಯತ್ನಗಳ ಪೈಕಿ ಕನಿಷ್ಠ 5ರಲ್ಲಿ 50 ಮೈಕ್ರೋವೋಲ್ಟಿಗೆ ಕಡಿಮೆಯಿಲ್ಲದ ಎಂಇಪಿ ತರುವ ಅತಿ ಕಡಿಮೆ ತೀವ್ರತೆಯನ್ನು ವಿಶ್ರಾಂತ ಹೊಸ್ತಿಲ ಮಟ್ಟ ಎನ್ನುತ್ತಾರೆ. ಸ್ನಾಯುವನ್ನು ಹಗುರವಾಗಿ ಬಿಗಿದಾಗ ಸಿಗುವುದು ಸಕ್ರಿಯ ಹೊಸ್ತಿಲ ಮಟ್ಟ. ಅದು ವಿಶ್ರಾಂತ ಮಟ್ಟಕ್ಕಿಂತ ಕಡಿಮೆ. ಹೊಸ್ತಿಲ ಮಟ್ಟ ಮುಖ್ಯವಾಗಿ ನರಕೋಶ ಪೊರೆಯ ಸೋಡಿಯಂ ದ್ವಾರಗಳ ಸ್ಥಿತಿಯನ್ನು ಅವಲಂಬಿಸುತ್ತದೆ.

ಎಂಇಪಿಯ ಎತ್ತರ. ಹೊಸ್ತಿಲಿಗಿಂತ ಹೆಚ್ಚಿನ ತೀವ್ರತೆಯಲ್ಲಿ ಬರುವ ಅಲೆಯ ಗಾತ್ರ. ತೀವ್ರತೆಯನ್ನು ಹಂತಹಂತವಾಗಿ ಏರಿಸುತ್ತ ಅಲೆ ಹೇಗೆ ಬೆಳೆಯುತ್ತದೆ ಎಂಬುದನ್ನು ರೇಖೆಯಾಗಿ ಬರೆದರೆ, ಎಷ್ಟು ನರಕೋಶಗಳು ಕೆಲಸಕ್ಕೆ ಸೇರುತ್ತಿವೆ ಎಂಬ ಅಂದಾಜು ಸಿಗುತ್ತದೆ.

ಸುಪ್ತಾವಧಿ ಮತ್ತು ಕೇಂದ್ರೀಯ ವಹನ ಕಾಲ. ಪ್ರಚೋದನೆಯಿಂದ ಅಲೆಯವರೆಗಿನ ಕಾಲ ಸುಪ್ತಾವಧಿ. ಕುತ್ತಿಗೆಯ ಬಳಿ ನರಬೇರುಗಳನ್ನು ಪ್ರಚೋದಿಸಿ ಪಡೆದ ಕಾಲವನ್ನು ಅದರಿಂದ ಕಳೆದರೆ ಮೆದುಳಿನಿಂದ ಬೆನ್ನುಹುರಿಯವರೆಗಿನ ವಹನ ಕಾಲ ಉಳಿಯುತ್ತದೆ.

ಮೌನಾವಧಿ. ಬಿಗಿದ ಸ್ನಾಯುವಿನಲ್ಲಿ ಎಂಇಪಿಯ ಬೆನ್ನಿಗೇ ಕೆಲಕಾಲ ವಿದ್ಯುತ್ ಚಟುವಟಿಕೆ ನಿಂತುಹೋಗುತ್ತದೆ. ಕೈ ಸ್ನಾಯುಗಳಲ್ಲಿ ಇದು ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್. ಇದರ ಕೊನೆಯ ಭಾಗ ಕಾರ್ಟೆಕ್ಸಿನೊಳಗಿನ ಗಾಬಾ-ಬಿ ಬಗೆಯ ತಡೆಯನ್ನು ಸೂಚಿಸುತ್ತದೆ. ಗಾಬಾ ಎಂದರೆ ನರಕೋಶಗಳ ಚಟುವಟಿಕೆಯನ್ನು ತಡೆಯುವ ನರರಾಸಾಯನಿಕ; ಎ, ಬಿ ಎಂಬುವು ಅದರ ಗ್ರಾಹಕಗಳ ಬಗೆಗಳು.

ಅಲ್ಪಾಂತರ ತಡೆ. ಹೊಸ್ತಿಲಿಗಿಂತ ಕಡಿಮೆ ತೀವ್ರತೆಯ ಒಂದು ಮಿಡಿತ ಕೊಟ್ಟು 2–3 ಮಿಲಿಸೆಕೆಂಡಿನ ನಂತರ ಬಲವಾದ ಮಿಡಿತ ಕೊಟ್ಟರೆ ಎಂಇಪಿ ಕುಗ್ಗುತ್ತದೆ. ಇದು ಗಾಬಾ-ಎ ಬಗೆಯ ತಡೆಯ ಅಳತೆ. ಅಂತರವನ್ನು 10–15 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ ಎಂಇಪಿ ಹಿಗ್ಗುತ್ತದೆ. ಇದನ್ನು ಅಂತಃಕಾರ್ಟೆಕ್ಸ್ ಉತ್ತೇಜನ ಎನ್ನುತ್ತಾರೆ.

ದೀರ್ಘಾಂತರ ತಡೆ. ಎರಡೂ ಬಲವಾದ ಮಿಡಿತಗಳನ್ನು 50ರಿಂದ 200 ಮಿಲಿಸೆಕೆಂಡ್ ಅಂತರದಲ್ಲಿ ಕೊಟ್ಟಾಗ ಎರಡನೆಯ ಅಲೆ ಕುಗ್ಗುವುದು.

ಅರ್ಧಗೋಳಾಂತರ ತಡೆ. ಎರಡು ಸುರುಳಿಗಳನ್ನು ಬಳಸಿ ಒಂದು ಬದಿಯ ಚಲನಾ ಕಾರ್ಟೆಕ್ಸಿಗೆ ಮೊದಲು, ಸುಮಾರು 10 ಅಥವಾ 40 ಮಿಲಿಸೆಕೆಂಡಿನ ನಂತರ ಇನ್ನೊಂದು ಬದಿಗೆ ಮಿಡಿತ ಕೊಟ್ಟು, ಒಂದು ಬದಿ ಇನ್ನೊಂದನ್ನು ಎಷ್ಟು ತಡೆಯುತ್ತಿದೆ ಎಂಬುದನ್ನು ಅಳೆಯುವುದು.

ಚಲನಾ ನಕ್ಷೆ. ನೆತ್ತಿಯ ಮೇಲೆ ಚೌಕಳಿ ಗುರುತು ಮಾಡಿ ಬಿಂದುವಿನಿಂದ ಬಿಂದುವಿಗೆ ಪ್ರಚೋದಿಸಿ, ಒಂದು ಸ್ನಾಯುವಿಗೆ ಪ್ರತಿಕ್ರಿಯೆ ಬರುವ ಜಾಗದ ವಿಸ್ತಾರ ಮತ್ತು ನಡುಬಿಂದುವನ್ನು ಗುರುತಿಸುವುದು.

ಪಾರ್ಶ್ವವಾಯುವಿನ ನಂತರದ ಬದಲಾವಣೆಗಳು

ಮೊದಲ ದಿನಗಳು. ಬಾಧಿತ ಅರ್ಧಗೋಳದಲ್ಲಿ ಹೊಸ್ತಿಲ ಮಟ್ಟ ಏರುತ್ತದೆ, ಎಂಇಪಿ ಚಿಕ್ಕದಾಗುತ್ತದೆ, ಸುಪ್ತಾವಧಿ ಹಿಗ್ಗುತ್ತದೆ. ಇಳಿಮುಖ ನರಮಾರ್ಗಕ್ಕೆ ತೀವ್ರ ಹಾನಿಯಾಗಿದ್ದರೆ ಯಾವ ತೀವ್ರತೆಗೂ ಎಂಇಪಿ ಬರುವುದಿಲ್ಲ. ಚಲನಾ ಕಾರ್ಟೆಕ್ಸೇ ಸತ್ತಿರುವುದು, ಕಾರ್ಟೆಕ್ಸ್ ಉಳಿದು ಅದರ ತಂತುಗಳು ಆಳದಲ್ಲಿ ತುಂಡಾಗಿರುವುದು ಇವೆರಡೂ ಇದಕ್ಕೆ ಕಾರಣವಾಗಬಲ್ಲವು. ತಂತುಗಳೆಲ್ಲ ಒತ್ತಾಗಿ ಇಳಿಯುವ ಮೆದುಳಿನ ಆಳದ ಇಕ್ಕಟ್ಟಾದ ದಾರಿಯಲ್ಲಿ ಆದ ಚಿಕ್ಕ ಹಾನಿಯೂ ಕೈಯನ್ನು ಪೂರ್ತಿ ನಿಶ್ಚಲಗೊಳಿಸಬಹುದು. ಬಾಧಿತ ಬದಿಯ ಮೌನಾವಧಿ ಹಿಗ್ಗುವುದು ಹಲವು ಅಧ್ಯಯನಗಳಲ್ಲಿ ವರದಿಯಾಗಿದೆ.

ಮೊದಲ ವಾರಗಳು. ಬಾಧಿತ ಬದಿಯಲ್ಲಿ ಅಲ್ಪಾಂತರ ತಡೆ ಕಡಿಮೆಯಾಗಿರುತ್ತದೆ. ತಡೆ ಸಡಿಲಗೊಂಡಾಗ ಅದುವರೆಗೆ ಸುಪ್ತವಾಗಿದ್ದ ಸಂಪರ್ಕಗಳು ಬಳಕೆಗೆ ಬಂದು ಮರುಕಲಿಕೆಗೆ ಅನುವಾಗುತ್ತದೆ ಎಂಬುದು ಒಂದು ವಿವರಣೆ. ಪ್ರಾಣಿಗಳಲ್ಲಿ ಚಿತ್ರ ಇನ್ನಷ್ಟು ಸಂಕೀರ್ಣ. 2010ರಲ್ಲಿ ಪ್ರಕಟವಾದ ಆಂಡ್ರ್ಯೂ ಕ್ಲಾರ್ಕ್ಸನ್ ತಂಡದ ಇಲಿಗಳ ಅಧ್ಯಯನದಲ್ಲಿ, ಹಾನಿಯಾದ ಜಾಗದ ಸುತ್ತಲಿನ ನರಕೋಶಗಳಲ್ಲಿ ಸತತವಾದ ಗಾಬಾ ತಡೆ ಹೆಚ್ಚಾಗಿದ್ದು, ಅದನ್ನು ಔಷಧದಿಂದ ತಗ್ಗಿಸಿದಾಗ ಚಲನೆ ಸುಧಾರಿಸಿತು. ಟಿಎಂಎಸ್ ಅಳೆಯುವುದು ಕ್ಷಣಿಕ ತಡೆಯನ್ನು, ಆ ಅಧ್ಯಯನ ಅಳೆದದ್ದು ನಿರಂತರ ತಡೆಯನ್ನು. ಹಾಗಾಗಿ ಎರಡು ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ.

ತಿಂಗಳುಗಳು ಮತ್ತು ವರ್ಷಗಳು. ಚೇತರಿಕೆಯಾದವರಲ್ಲಿ ಹೊಸ್ತಿಲ ಮಟ್ಟ ಇಳಿದು ಎಂಇಪಿ ದೊಡ್ಡದಾಗುತ್ತ ಬರುತ್ತದೆ. ಕೆಲವರಲ್ಲಿ ಕೈಯ ಚಲನಾ ನಕ್ಷೆ ಜಾಗ ಬದಲಿಸುತ್ತದೆ. ಹಳೆಯ ಪಾರ್ಶ್ವವಾಯುವಿನಲ್ಲೂ ಬಾಧಿತ ಬದಿಯ ಹೊಸ್ತಿಲ ಮಟ್ಟ ಸಾಮಾನ್ಯವಾಗಿ ಏರಿಯೇ ಇರುತ್ತದೆ.

ಅರ್ಧಗೋಳಗಳ ಸಮತೋಲನ ವಾದ. ಪೆಟ್ಟಾದ ಬದಿ ದುರ್ಬಲವಾದಾಗ ಎದುರು ಅರ್ಧಗೋಳ ಅತಿಯಾಗಿ ಉದ್ರೇಕಗೊಂಡು ಪೆಟ್ಟಾದ ಬದಿಯನ್ನು ಇನ್ನಷ್ಟು ಅದುಮುತ್ತದೆ ಎಂಬ ವಾದ ಬಹುಕಾಲ ಪ್ರಚಲಿತವಾಗಿತ್ತು. 2004ರಲ್ಲಿ ಮುರಾಸೆ ಮತ್ತು ಸಂಗಡಿಗರು ಹಳೆಯ ಪಾರ್ಶ್ವವಾಯುವಿನ ರೋಗಿಗಳಲ್ಲಿ, ಬೆರಳು ಅಲುಗಿಸಲು ಹೊರಡುವ ಮುನ್ನ ಎದುರು ಬದಿಯಿಂದ ಬರುವ ತಡೆ ಸಡಿಲಗೊಳ್ಳದಿರುವುದನ್ನು ತೋರಿಸಿದ್ದು ಇದಕ್ಕೆ ಬಲ ಕೊಟ್ಟಿತು. 2017ರಲ್ಲಿ ಮಿಶೆಲ್ ಮೆಕ್‌ಡೊನೆಲ್ ಮತ್ತು ಕ್ಯಾಥಿ ಸ್ಟಿನಿಯರ್ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಬಾಧಿತ ಬದಿಯ ಬದಲಾವಣೆಗಳು ಸ್ಪಷ್ಟವಾಗಿ ಕಂಡವು. ಎದುರು ಅರ್ಧಗೋಳ ಮಾತ್ರ ಆರೋಗ್ಯವಂತರ ಮೆದುಳಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ. 2019ರ ಇನ್ನೊಂದು ಅಧ್ಯಯನದಲ್ಲಿ ಚಲನೆಗೆ ಮುಂಚಿನ ಅರ್ಧಗೋಳಾಂತರ ತಡೆ ಆರಂಭದ ಅವಧಿಯಲ್ಲಿ ಸಹಜವಾಗಿದ್ದು, ಅಸಹಜತೆ ದೀರ್ಘಕಾಲದ ಹಂತದಲ್ಲಿ ಮಾತ್ರ ಕಾಣಿಸಿಕೊಂಡಿತು. ಅಸಮತೋಲನವೇ ದೌರ್ಬಲ್ಯಕ್ಕೆ ಕಾರಣ ಎಂಬ ವಾದ ಇದರಿಂದ ಸಡಿಲವಾಗಿದೆ. ನರಮಾರ್ಗ ಬಹುಪಾಲು ನಾಶವಾದವರಲ್ಲಿ ಎದುರು ಅರ್ಧಗೋಳ ಅಡ್ಡಿಯಾಗುವ ಬದಲು ನೆರವಾಗುತ್ತಿರಬಹುದು ಎಂಬ ಮಾದರಿಯನ್ನೂ 2014ರಲ್ಲಿ ಡಿ ಪಿನೊ ತಂಡ ಮುಂದಿಟ್ಟಿದೆ.

ಉಪಯೋಗಗಳು

ಚೇತರಿಕೆಯ ಮುನ್ಸೂಚನೆ. ಈ ಮಾಪನದ ಅತ್ಯಂತ ದೃಢಪಟ್ಟ ಉಪಯೋಗ ಇದು. ಆರಂಭದ ದಿನಗಳಲ್ಲಿ ಕೈ ಸ್ವಲ್ಪವೂ ಅಲುಗದಿದ್ದರೂ ಎಂಇಪಿ ಬಂದರೆ ನರಮಾರ್ಗ ಉಳಿದಿದೆ ಎಂದರ್ಥ; ಅಂಥವರ ಕೈ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸ್ಟಿನಿಯರ್ ತಂಡ 2012ರಲ್ಲಿ ಪ್ರೆಪ್ ಎಂಬ ಹಂತಸೂತ್ರವನ್ನೂ 2017ರಲ್ಲಿ ಅದರ ಪರಿಷ್ಕೃತ ರೂಪವಾದ ಪ್ರೆಪ್-2ನ್ನೂ ಪ್ರಕಟಿಸಿತು. ಪ್ರೆಪ್-2ರಲ್ಲಿ ಮೊದಲು ಮೂರನೆಯ ದಿನ ಎರಡೇ ಚಲನೆಗಳನ್ನು ನೋಡಲಾಗುತ್ತದೆ: ತೋಳನ್ನು ಪಕ್ಕಕ್ಕೆ ಎತ್ತುವುದು ಮತ್ತು ಬೆರಳುಗಳನ್ನು ಬಿಡಿಸುವುದು. ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ, ಒಟ್ಟು 10. ಮೊತ್ತ 5 ಅಥವಾ ಹೆಚ್ಚಿದ್ದು ವಯಸ್ಸು 80ಕ್ಕಿಂತ ಕಡಿಮೆಯಿದ್ದರೆ ಮೂರು ತಿಂಗಳಲ್ಲಿ ಅತ್ಯುತ್ತಮ ಚೇತರಿಕೆಯ ನಿರೀಕ್ಷೆ. 80 ಮತ್ತು ಮೇಲ್ಪಟ್ಟವರಲ್ಲಿ ಅದೇ ನಿರೀಕ್ಷೆಗೆ 8 ಅಂಕ ಬೇಕು, ಇಲ್ಲವಾದರೆ ಉತ್ತಮ ಎಂದು ವರ್ಗೀಕರಿಸುತ್ತಾರೆ. ಮೊತ್ತ 5ಕ್ಕಿಂತ ಕಡಿಮೆಯಿದ್ದವರಿಗೆ ಮಾತ್ರ ಮೂರರಿಂದ ಏಳನೆಯ ದಿನದೊಳಗೆ ಟಿಎಂಎಸ್ ಬೇಕಾಗುತ್ತದೆ. ಎಂಇಪಿ ಬಂದರೆ ಉತ್ತಮ ಚೇತರಿಕೆಯ ನಿರೀಕ್ಷೆ. ಬಾರದಿದ್ದರೆ ಒಟ್ಟಾರೆ ಪಾರ್ಶ್ವವಾಯುವಿನ ತೀವ್ರತೆಯ ಅಂಕ ನೋಡಿ ಸೀಮಿತ ಅಥವಾ ಅತ್ಯಲ್ಪ ಎಂದು ನಿರ್ಧರಿಸಲಾಗುತ್ತದೆ. ಸುಮಾರು ಶೇ 75 ರೋಗಿಗಳಲ್ಲಿ ಈ ಮುನ್ಸೂಚನೆ ಸರಿಯಾಗಿತ್ತು.

ಪುನಶ್ಚೇತನದ ಯೋಜನೆ. ಮುನ್ಸೂಚನೆಗೆ ತಕ್ಕಂತೆ ಫಿಜಿಯೋಥೆರಪಿಯ ಗುರಿ ಬದಲಾಗುತ್ತದೆ. ಉತ್ತಮ ಚೇತರಿಕೆಯ ನಿರೀಕ್ಷೆಯಿದ್ದವರಿಗೆ ಬಾಧಿತ ಕೈಯನ್ನೇ ಪದೇ ಪದೇ ಬಳಸುವ ಅಭ್ಯಾಸಕ್ಕೆ ಒತ್ತು. ನಿರೀಕ್ಷೆ ಕಡಿಮೆಯಿದ್ದವರಿಗೆ ಭುಜದ ನೋವು ಮತ್ತು ಕೀಲು ಬಿಗಿತ ಬಾರದಂತೆ ನೋಡಿಕೊಳ್ಳುವುದು, ಒಂದೇ ಕೈಯಲ್ಲಿ ನಿತ್ಯದ ಕೆಲಸ ಮಾಡುವುದನ್ನು ಕಲಿಸುವುದು ಮೊದಲ ಆದ್ಯತೆ.

ಚಿಕಿತ್ಸೆಯ ಪರಿಣಾಮ ಪರಿಶೀಲನೆ. ವ್ಯಾಯಾಮ, ಔಷಧ ಅಥವಾ ಮೆದುಳಿನ ಪ್ರಚೋದನೆಯ ಮುಂಚೆ ಮತ್ತು ನಂತರ ಉದ್ರೇಕಶೀಲತೆ ಅಳೆದು, ಬದಲಾವಣೆ ಮೆದುಳಿನಲ್ಲಿ ಆಯಿತೇ ಎಂದು ನೋಡುವುದು. ಇದು ಮುಖ್ಯವಾಗಿ ಸಂಶೋಧನೆಗೆ ಸೀಮಿತ.

ಚಿಕಿತ್ಸೆಯಾಗಿ ಕಾಂತ ಪ್ರಚೋದನೆ. ಮಿಡಿತಗಳನ್ನು ಸರಣಿಯಾಗಿ ಕೊಡುವುದು ಮಾಪನಕ್ಕಿಂತ ಬೇರೆಯೇ ಆದ ಬಳಕೆ. ಸೆಕೆಂಡಿಗೆ ಒಂದರಂತೆ ಕೊಟ್ಟರೆ ಉದ್ರೇಕಶೀಲತೆ ತಗ್ಗುವ, 5 ಅಥವಾ ಹೆಚ್ಚು ಕೊಟ್ಟರೆ ಏರುವ ಪ್ರವೃತ್ತಿಯಿದೆ. ಎದುರು ಅರ್ಧಗೋಳವನ್ನು ತಗ್ಗಿಸುವ ಪ್ರಚೋದನೆಗೆ, ಪಾರ್ಶ್ವವಾಯುವಾಗಿ ಹೆಚ್ಚು ಕಾಲ ಕಳೆಯದ ರೋಗಿಗಳ ಕೈ ಚೇತರಿಕೆಯಲ್ಲಿ ಬಲವಾದ ಪುರಾವೆ ಇದೆಯೆಂದು 2020ರ ಯುರೋಪಿನ ತಜ್ಞರ ಮಾರ್ಗಸೂಚಿ ಹೇಳಿತು. ಆದರೆ 2018ರಲ್ಲಿ ಪ್ರಕಟವಾದ ನಿಶ್ ಎಂಬ ಅಮೆರಿಕದ ಪ್ರಯೋಗದಲ್ಲಿ, ಪಾರ್ಶ್ವವಾಯುವಾಗಿ 3ರಿಂದ 12 ತಿಂಗಳಾದ ರೋಗಿಗಳಲ್ಲಿ ನಿಜವಾದ ಪ್ರಚೋದನೆಗೂ ತೋರಿಕೆಯ ಪ್ರಚೋದನೆಗೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರು ವ್ಯಾಯಾಮದ ಜೊತೆಗೆ ಸುಧಾರಿಸಿದ್ದರು.

ಸುರಕ್ಷತೆ

ಒಂಟಿ ಮತ್ತು ಜೋಡಿ ಮಿಡಿತದ ಪರೀಕ್ಷೆಗಳು ಬಹಳ ಸುರಕ್ಷಿತ. ತಲೆನೋವು, ಕುತ್ತಿಗೆ ಹಿಡಿದಂತಾಗುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಫಿಟ್ಸ್ ಬರುವುದು ಗಂಭೀರ ಅಪಾಯವಾದರೂ ತೀರ ವಿರಳ. ಸರಣಿ ಮಿಡಿತಗಳಲ್ಲಿ ಮತ್ತು ಮೆದುಳಿಗೆ ಹಾನಿಯಾದವರಲ್ಲಿ ಹೆಚ್ಚಿನ ಎಚ್ಚರ ಬೇಕು. ಸುರುಳಿಯ ಸದ್ದಿನಿಂದ ರಕ್ಷಣೆಗೆ ಕಿವಿಗೆ ಬಿರಡೆ ಹಾಕಲಾಗುತ್ತದೆ. ತಲೆಯೊಳಗೆ ಕಾಂತ ಸೆಳೆಯುವ ಲೋಹದ ಕ್ಲಿಪ್ ಅಥವಾ ಚೂರು ಇದ್ದವರಿಗೆ, ಕಿವಿಯೊಳಗೆ ಕಾಕ್ಲಿಯರ್ ಸಾಧನ ಇದ್ದವರಿಗೆ ಪರೀಕ್ಷೆ ಮಾಡುವುದಿಲ್ಲ. ಪೇಸ್‌ಮೇಕರ್ ಇದ್ದವರ ವಿಷಯದಲ್ಲಿ ತಜ್ಞರ ಸಲಹೆ ಅಗತ್ಯ. ಹೃದಯದ ಲಯ ತಪ್ಪಿ ಪಾರ್ಶ್ವವಾಯುವಾದವರಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಮುಂಚಿತವಾಗಿ ಕೇಳಿ ತಿಳಿಯಬೇಕಾಗುತ್ತದೆ. 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳು 2009 ಮತ್ತು 2021ರಲ್ಲಿ ಪರಿಷ್ಕೃತಗೊಂಡಿವೆ.

ಮಿತಿಗಳು

ಎಂಇಪಿಯ ಗಾತ್ರ ಒಂದು ಮಿಡಿತದಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುವುದರಿಂದ ಹಲವು ಅಲೆಗಳ ಸರಾಸರಿ ಬೇಕು. ಎಚ್ಚರದ ಮಟ್ಟ, ಸ್ನಾಯುವಿನ ಅರಿಯದ ಬಿಗಿತ, ಸುರುಳಿಯ ಓರೆ ಎಲ್ಲವೂ ಫಲಿತಾಂಶವನ್ನು ಬದಲಿಸುತ್ತವೆ. ಫಿಟ್ಸ್ ತಡೆಯಲು ಕೊಡುವ ಫೆನಿಟಾಯಿನ್, ಕಾರ್ಬಮೆಜಪೀನ್ ಮಾತ್ರೆಗಳು ಹೊಸ್ತಿಲ ಮಟ್ಟವನ್ನು ಏರಿಸುತ್ತವೆ, ಡಯಾಜೆಪಾಮ್ ಗುಂಪಿನ ಮಾತ್ರೆಗಳು ಅಲ್ಪಾಂತರ ತಡೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ರೋಗಿ ಸೇವಿಸುತ್ತಿರುವ ಔಷಧಗಳನ್ನು ವರದಿಯಲ್ಲಿ ದಾಖಲಿಸಬೇಕು. ಎಂಇಪಿಯೇ ಬಾರದ ರೋಗಿಗಳಲ್ಲಿ ಜೋಡಿ ಮಿಡಿತದ ಅಳತೆಗಳನ್ನು ಮಾಡಲಾಗುವುದಿಲ್ಲ. ಹೀಗಾಗಿ ತೀವ್ರವಾಗಿ ಬಾಧಿತರಾದವರ ಉದ್ರೇಕ ಮತ್ತು ತಡೆಗಳ ಕುರಿತ ಮಾಹಿತಿ ಕಡಿಮೆ. ಸ್ನಾಯುವಿನ ಬದಲು ಮೆದುಳಿನ ಅಲೆಗಳನ್ನೇ ದಾಖಲಿಸುವ ಟಿಎಂಎಸ್–ಇಇಜಿ ಜೋಡಿ ತಂತ್ರ ಈ ಕೊರತೆಯನ್ನು ತುಂಬಲು ಬೆಳೆಯುತ್ತಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಲಖನೌನ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಯು. ಕೆ. ಮಿಶ್ರ ಮತ್ತು ಜೆ. ಕಲಿತಾ 1990ರ ದಶಕದಲ್ಲಿಯೇ ಪಾರ್ಶ್ವವಾಯು ರೋಗಿಗಳ ಎಂಇಪಿಯನ್ನು ಅಧ್ಯಯನ ಮಾಡಿ, ಅದರ ಬದಲಾವಣೆ ಹಾನಿಯಾದ ಜಾಗವನ್ನು ಅವಲಂಬಿಸುತ್ತದೆ ಎಂದು ವರದಿ ಮಾಡಿದರು. ಕರ್ನಾಟಕದಲ್ಲಿ ಈ ತಂತ್ರದ ಪ್ರಮುಖ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿಯ ನರವಿಜ್ಞಾನ ವಿಭಾಗದಲ್ಲಿ ಪ್ರಮೋದ್ ಕುಮಾರ್ ಪಾಲ್ ಮತ್ತು ಸಹೋದ್ಯೋಗಿಗಳು ಪಾರ್ಕಿನ್ಸನ್ ಮುಂತಾದ ಚಲನಾ ರೋಗಗಳಲ್ಲಿ ಹೊಸ್ತಿಲ ಮಟ್ಟ, ವಹನ ಕಾಲ ಮತ್ತು ಮೌನಾವಧಿಗಳನ್ನು ಅಳೆದಿದ್ದಾರೆ. ಮನೋವೈದ್ಯ ವಿಭಾಗದಲ್ಲಿ ಉರ್ವಕ್ಷ್ ಮೆಹತಾ, ಜಗದೀಶ ತೀರ್ಥಹಳ್ಳಿ ಮೊದಲಾದವರು ಸ್ಕಿಜೋಫ್ರೀನಿಯಾದಲ್ಲಿ ಕಾರ್ಟೆಕ್ಸಿನ ಉದ್ರೇಕಶೀಲತೆಯನ್ನು ಅಭ್ಯಸಿಸಿದ್ದಾರೆ. ಪಾರ್ಶ್ವವಾಯುವಿಗೂ ಈ ಕಾಯಿಲೆಗಳಿಗೂ ಅಳತೆಯ ವಿಧಾನ ಒಂದೇ. ಸಂಸ್ಥೆಯಲ್ಲಿ ನರಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ.

2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಸಹಯೋಗದೊಂದಿಗೆ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಪಾರ್ಶ್ವವಾಯು, ಫಿಟ್ಸ್, ತಲೆನೋವು ಮತ್ತು ಮರೆಗುಳಿತನವನ್ನು ಪ್ರಾಥಮಿಕ ಹಂತದಲ್ಲೇ ಗುರುತಿಸಲು ವೈದ್ಯರಿಗೆ ತರಬೇತಿ ಕೊಡುವುದು ಇದರ ಉದ್ದೇಶಗಳಲ್ಲಿ ಒಂದು.

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ

ಮಂಡ್ಯ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆಯೂ, ಮದ್ದೂರು ಮತ್ತು ಮಳವಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಇವೆ. ಜಿಲ್ಲೆಯ ಇನ್ನೊಂದು ವೈದ್ಯಕೀಯ ಕಾಲೇಜು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ಸಂಸ್ಥೆ. ಮಂಡ್ಯದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್, ಮೈಸೂರು ಸುಮಾರು 45 ಕಿಲೋಮೀಟರ್. ಮಂಡ್ಯ ಮತ್ತು ಮದ್ದೂರು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ದಾರಿಯಲ್ಲಿವೆ. ಮಳವಳ್ಳಿಯಿಂದ ಬೆಂಗಳೂರಿಗೆ ಕನಕಪುರದ ಮೂಲಕ ದಾರಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದರಿಂದ ಈ ದೂರಗಳು ಮೊದಲ ಚಿಕಿತ್ಸೆಯಲ್ಲಿ ನಿರ್ಣಾಯಕ. ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ 108 ಆಂಬುಲೆನ್ಸಿಗೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಸಾಗಿಸುವುದು ಸರಿಯಾದ ಕ್ರಮ.

ಉದ್ರೇಕಶೀಲತೆಯ ಮಾಪನಕ್ಕೆ ಬೇಕಾದ ಕಾಲದ ಲೆಕ್ಕ ಬೇರೆ. ಮುನ್ಸೂಚನೆಯ ಹಂತಸೂತ್ರದ ಮೊದಲ ಮೆಟ್ಟಿಲಾದ ಭುಜ ಮತ್ತು ಬೆರಳುಗಳ ಅಂಕಕ್ಕೆ ಯಾವ ಯಂತ್ರವೂ ಬೇಡ. ತರಬೇತಿ ಪಡೆದ ಫಿಜಿಯೋಥೆರಪಿಸ್ಟ್ ಅಥವಾ ವೈದ್ಯರು ತಾಲ್ಲೂಕು ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲೇ ಮೂರನೆಯ ದಿನ ಅದನ್ನು ನೋಡಬಹುದು. ಅಂಕ 5 ಮುಟ್ಟಿದವರನ್ನು ಟಿಎಂಎಸ್‌ಗಾಗಿ ದೊಡ್ಡ ಆಸ್ಪತ್ರೆಗೆ ಕಳಿಸುವ ಅಗತ್ಯವಿಲ್ಲ. ಮುಟ್ಟದವರಿಗೆ ಮೊದಲ ವಾರ ಮುಗಿಯುವುದರೊಳಗೆ ಪರೀಕ್ಷೆಯಾದರೆ ಹಂತಸೂತ್ರದ ಪ್ರಕಾರ ಅದರ ಫಲಿತಾಂಶವನ್ನು ಬಳಸಬಹುದು. ಕಬ್ಬು ಕಡಿಯುವುದು, ಹಾಲು ಕರೆಯುವುದು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದು ಮುಂತಾದ ಈ ಭಾಗದ ದುಡಿಮೆಗಳಲ್ಲಿ ಎರಡೂ ಕೈಗಳ ಬಳಕೆ ಇರುವುದರಿಂದ, ಕೈ ಚೇತರಿಕೆಯ ಮುನ್ಸೂಚನೆಗೆ ಕುಟುಂಬದ ದುಡಿಮೆಯ ಯೋಜನೆಯೊಂದಿಗೆ ನೇರ ಸಂಬಂಧವಿದೆ.

ಮಾತು ಕಳೆದುಕೊಂಡ ರೋಗಿಗಳ ವಾಕ್ ಚಿಕಿತ್ಸೆಗೆ ಈ ಪ್ರದೇಶಕ್ಕೆ ಹತ್ತಿರವಿರುವ ರಾಷ್ಟ್ರೀಯ ಸಂಸ್ಥೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾತಿನ ತೊಂದರೆಯಲ್ಲಿ ಬಲ ಅರ್ಧಗೋಳದ ಮುಂಭಾಗವನ್ನು ಕಾಂತ ಪ್ರಚೋದನೆಯಿಂದ ತಗ್ಗಿಸುವ ಪ್ರಯೋಗಗಳು 2005ರ ಸುಮಾರಿನಿಂದ ವಿದೇಶಗಳಲ್ಲಿ ನಡೆದಿವೆ.

ಇಂದಿನ ಸ್ಥಿತಿ

ಎಂಇಪಿ ಇದೆಯೇ ಇಲ್ಲವೇ ಎಂಬ ಸರಳ ಅಳತೆ ಪಾರ್ಶ್ವವಾಯುವಿನ ಮೊದಲ ವಾರದಲ್ಲಿ ಕೈಯ ಮುನ್ಸೂಚನೆಗೆ ಒಪ್ಪಿತ ಸೂಚಕವಾಗಿದೆ. ಮೌನಾವಧಿ, ಅಲ್ಪಾಂತರ ತಡೆ ಮತ್ತು ಅರ್ಧಗೋಳಾಂತರ ತಡೆಗಳು ಚೇತರಿಕೆಯ ಒಳಬಗೆಯನ್ನು ತಿಳಿಯಲು ಉಪಯುಕ್ತವಾದರೂ ಒಬ್ಬೊಬ್ಬ ರೋಗಿಯ ಚಿಕಿತ್ಸೆಯನ್ನು ನಿರ್ಧರಿಸುವಷ್ಟು ಸ್ಥಿರವಾಗಿಲ್ಲ. ಕಾಂತ ಪ್ರಚೋದನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಖಿನ್ನತೆಯ ಚಿಕಿತ್ಸೆಗಾಗಿ ಅನುಮತಿ ನೀಡಿದ ಮೇಲೆ ಯಂತ್ರಗಳು ಮನೋವೈದ್ಯ ವಿಭಾಗಗಳ ಮೂಲಕ ಹೆಚ್ಚು ಆಸ್ಪತ್ರೆಗಳನ್ನು ತಲುಪಿವೆ. ಭಾರತದಲ್ಲೂ ಅವು ಮುಖ್ಯವಾಗಿ ದೊಡ್ಡ ನಗರಗಳ ಬೋಧನಾ ಆಸ್ಪತ್ರೆಗಳಲ್ಲಿ ಮತ್ತು ಖಾಸಗಿ ಕೇಂದ್ರಗಳಲ್ಲಿವೆ. ಹಾಸಿಗೆಯ ಬಳಿಗೆ ಒಯ್ಯಬಲ್ಲ ಯಂತ್ರಗಳು, ಕಡಿಮೆ ಸಮಯದಲ್ಲಿ ಹೊಸ್ತಿಲ ಮಟ್ಟ ಹುಡುಕುವ ಗಣಕ ವಿಧಾನಗಳು ಮತ್ತು ಟಿಎಂಎಸ್–ಇಇಜಿ ಈ ಕ್ಷೇತ್ರದ ಈಗಿನ ಸಂಶೋಧನೆಯ ಮುಖ್ಯ ದಿಕ್ಕುಗಳು.